ಬ್ರಷ್ ತಿರುಗದಿದ್ದರೆ ಮೊದಲು ತುದಿ ನೋಡಿ

ವ್ಯಾಕ್ಯೂಮ್ ಕ್ಲೀನರ್ ಎಂದಿನಂತೆ ಸದ್ದು ಮಾಡುತ್ತಿದೆ, ಪೈಪಿನ ಬಾಯಿಗೆ ಅಂಗೈ ಹಿಡಿದರೆ ಗಾಳಿಯನ್ನೂ ಎಳೆಯುತ್ತಿದೆ. ಆದರೆ ಕಾರ್ಪೆಟ್ ಮೇಲೆ ನಾಲ್ಕು ಸಲ ಆಡಿಸಿದರೂ ಕೂದಲು, ನೂಲಿನ ತುಂಡು ಅಲ್ಲೇ ಅಂಟಿಕೊಂಡಿವೆ. ಹೀಗಾದಾಗ ನೆಲಕ್ಕೆ ತಾಗುವ ಹೆಡ್ಡನ್ನು ಮಗುಚಿ ಬ್ರಷ್ ರೋಲರ್ ನೋಡಬೇಕು. ಎಳೆಗಳ ಸಂದಿಯಲ್ಲಿ ಕೂತ ಧೂಳನ್ನು ಬಡಿದೆಬ್ಬಿಸುವುದು ಅದರ ಕೆಲಸ. ರಿಪೇರಿಗೆ ಒಯ್ದರೆ ‘ಮೋಟಾರ್ ಹೋಗಿದೆ, ಹೆಡ್ ಬದಲಿಸಿ’ ಎಂಬ ಮಾತು ಬಲುಬೇಗ ಬರುತ್ತದೆ. ನನ್ನನ್ನು ಕೇಳಿದರೆ ಮೋಟಾರಿನ ಸರದಿ ಕೊನೆಗೆ. ಮೊದಲು ಅನುಮಾನಿಸಬೇಕಾದದ್ದು ರೋಲರಿನ ಎರಡು ತುದಿಗಳನ್ನು.

ಬಿಚ್ಚುವುದಕ್ಕೂ ಮುಂಚೆ

ಎಷ್ಟೋ ಸಲ ಏನೂ ಕೆಟ್ಟಿರುವುದಿಲ್ಲ. ಬ್ರಷ್ಷಿಗೆಂದೇ ಬೇರೆ ಬಟನ್ ಇರುವ ಮಾಡೆಲ್‌ಗಳಲ್ಲಿ ಯಾರದೋ ಕೈತಾಗಿ ಅದು ಆಫ್ ಆಗಿರಬಹುದು. ಹಿಡಿಕೆಯನ್ನು ನೆಟ್ಟಗೆ ನಿಲ್ಲಿಸಿದರೆ ಕೆಲವುದರ ಬ್ರಷ್ ತಾನಾಗಿ ನಿಲ್ಲುತ್ತದೆ. ಇನ್ನು ಕೆಲವುದರಲ್ಲಿ ಹೆಡ್ ಅನ್ನು ನೆಲದಿಂದ ಎತ್ತಿದರೂ ನಿಲ್ಲುತ್ತದೆ, ಅದು ಬೆರಳು ಸಿಕ್ಕಿಕೊಳ್ಳದಿರಲೆಂದು ಇಟ್ಟ ವ್ಯವಸ್ಥೆ. ಎತ್ತಿ ನೋಡಿ ‘ತಿರುಗುತ್ತಿಲ್ಲ’ ಎಂದು ತೀರ್ಮಾನಿಸಬೇಡಿ. ದಪ್ಪ ರತ್ನಗಂಬಳಿಯ ಮೇಲೆ ಒತ್ತಿ ಓಡಿಸಿದಾಗ ಲೋಡ್ ಹೆಚ್ಚಾಗಿ ರಕ್ಷಣೆಯ ಸ್ವಿಚ್ ಬಿದ್ದು, ಹೆಡ್ಡಿನ ಮೇಲೆ ದೀಪ ಮಿನುಗುವುದೂ ಉಂಟು. ಅರ್ಧ ಗಂಟೆ ಆರಲು ಬಿಟ್ಟು ಮತ್ತೆ ಹಾಕಿ ನೋಡಿ.

ಹೆಡ್ಡಿಗೆ ಕರೆಂಟ್ ಒಯ್ಯುವ ವೈರಾಗಲಿ ಪಿನ್ನಾಗಲಿ ಇಲ್ಲದಿದ್ದರೆ ಅದು ಸಾಮಾನ್ಯವಾಗಿ ಟರ್ಬೊ ಬ್ರಷ್. ಒಳಗಿನ ಪುಟ್ಟ ಚಕ್ರವನ್ನು ಒಳನುಗ್ಗುವ ಗಾಳಿಯೇ ತಿರುಗಿಸುತ್ತದೆ. ಧೂಳಿನ ಚೀಲ ತುಂಬಿದ್ದರೂ, ಫಿಲ್ಟರ್ ಕಟ್ಟಿಕೊಂಡಿದ್ದರೂ ಗಾಳಿಯ ಬಲ ತಗ್ಗಿ ಅದು ಕುಂಟುತ್ತದೆ. ಅದರ ರಿಪೇರಿ ಫಿಲ್ಟರಿನಿಂದ ಶುರುವಾಗಬೇಕು.

ಇವೆಲ್ಲ ಸರಿಯಿದ್ದರೆ ಕಿವಿ, ಮೂಗು ಬಳಸಿ. ಹೆಡ್ಡಿನಲ್ಲಿ ಗುಂಯ್ ಎನ್ನುವ ಸದ್ದಿದ್ದೂ ಬ್ರಷ್ ಅಲುಗದಿದ್ದರೆ ಏನೋ ಸಿಕ್ಕಿಕೊಂಡಿದೆ. ಮೋಟಾರ್ ಸಲೀಸಾಗಿ ಓಡುತ್ತಿದ್ದು ಬ್ರಷ್ ಮಾತ್ರ ನಿಂತಿದ್ದರೆ ಮೋಟಾರಿನಿಂದ ಬ್ರಷ್ಷನ್ನು ತಿರುಗಿಸುವ ಬೆಲ್ಟ್ ಹರಿದಿದೆ ಅಥವಾ ಜಾರಿದೆ. ಎತ್ತಿ ಹಿಡಿದಾಗ ತಿರುಗಿ, ನೆಲಕ್ಕೆ ಇಟ್ಟೊಡನೆ ನಿಲ್ಲುವುದು ಸಡಿಲ ಬೆಲ್ಟಿನ ಲಕ್ಷಣ. ಸುಟ್ಟ ರಬ್ಬರಿನ ವಾಸನೆ ಬಂದರೆ ಅದು ಬಹುಮಟ್ಟಿಗೆ ಖಚಿತ. ಸದ್ದೇ ಇಲ್ಲದಿದ್ದರೆ ಕರೆಂಟ್ ಹೆಡ್ಡಿನವರೆಗೆ ಬರದೇ ಇರಬಹುದು.

ರೋಲರ್ ಹೊರತೆಗೆಯುವುದು

ಪ್ಲಗ್ ಕಿತ್ತೇ ಕೈಹಾಕಿ. ವೈರ್‌ಲೆಸ್ ಆದರೆ ಬ್ಯಾಟರಿ ತೆಗೆದಿಡಿ, ಬ್ಯಾಟರಿ ಕಳಚಲು ಬಾರದ್ದಾದರೆ ಹೆಡ್ಡನ್ನೇ ಅದು ಸೇರಿರುವ ಉದ್ದ ಕೋಲಿನಿಂದ (ಪೈಪಿನಿಂದ) ಬೇರ್ಪಡಿಸಿ. ಸ್ವಿಚ್ ಆಫ್ ಇದೆ ಎಂಬ ಧೈರ್ಯ ಸಾಲದು. ಸಿಕ್ಕು ಬಿಡಿಸುವಾಗ ಮೊಣಕೈ ತಾಗಿ ಮೆಷಿನ್ ಆನ್ ಆದರೆ ಬೆರಳಿಗೇ ಪೆಟ್ಟು.

ಹೆಡ್ಡಿನ ಒಂದು ಬದಿಯಲ್ಲಿ ಉದ್ದನೆಯ ಗೀರಿರುವ ದುಂಡು ಬೀಗ ಕಾಣಬಹುದು. ಅದು ಸ್ಕ್ರೂಡ್ರೈವರಿಗಿಂತ ನಾಣ್ಯಕ್ಕೆ ಚೆನ್ನಾಗಿ ಒಗ್ಗುತ್ತದೆ: ಕಾಲು ಸುತ್ತು ತಿರುಗಿಸಿದರೆ ರೋಲರ್ ಜಾರಿ ಹೊರಬರುತ್ತದೆ. ಬೀಗವಿಲ್ಲದಿದ್ದರೆ ತಳದ ಪ್ಲೇಟಿನ ಸ್ಕ್ರೂ ಬಿಚ್ಚಬೇಕು. ನಕ್ಷತ್ರದ ಬಾಯಿಯ ಸ್ಕ್ರೂ ಇದ್ದರೆ ಅದಕ್ಕೆ ತಕ್ಕ ಬಿಟ್ಟೇ ಬೇಕು, ಇಲ್ಲವಾದರೆ ತಲೆ ಸವೆದು ಕೂರುತ್ತದೆ. ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ವಾರಂಟಿ ಇನ್ನೂ ಇದ್ದರೆ ರೋಲರ್ ತೆಗೆದು ಶುಚಿ ಮಾಡುವುದಷ್ಟಕ್ಕೆ ನಿಲ್ಲಿ. ಒಳಗಿನ ಸ್ಕ್ರೂ ಮುಟ್ಟಬೇಡಿ.

ನಮ್ಮ ಮನೆಗಳ ರೋಲರಿಗೆ ಸುತ್ತಿಕೊಳ್ಳುವುದು ಬರೀ ಕೂದಲಲ್ಲ. ಹೂ ಕಟ್ಟಿದ ಬಾಳೆನಾರು, ಹಾರದ ದಾರ, ಕಾಲೊರಸಿನ ತೆಂಗಿನ ನಾರು, ಪೊರಕೆಯ ಕಡ್ಡಿ ಎಲ್ಲವೂ ಬರುತ್ತವೆ. ಕೈಯಿಂದ ಎಳೆಯಹೋದರೆ ಅವು ಇನ್ನಷ್ಟು ಬಿಗಿಯುತ್ತವೆ. ಟೇಲರ್‌ಗಳು ಹೊಲಿಗೆ ಬಿಚ್ಚಲು ಬಳಸುವ, ತುದಿ ಕವಲೊಡೆದ ಚಿಕ್ಕ ಸಾಧನ ಇದಕ್ಕೆ ಹೇಳಿ ಮಾಡಿಸಿದ್ದು. ಬ್ರಷ್ ಸಾಲುಗಳ ನಡುವಿನ ಬರಿಜಾಗದಲ್ಲಿ ಅದನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದರೆ ಸಿಕ್ಕು ಸೀಳಿಕೊಂಡು ಚಾಪೆಯಂತೆ ಬಿಟ್ಟುಬರುತ್ತದೆ. ಸಣ್ಣ ಕತ್ತರಿಯೂ ಆದೀತು, ಬ್ರಷ್ಷಿನ ಎಳೆ ಕತ್ತರಿಸದಂತೆ ನೋಡಿಕೊಂಡರಾಯಿತು.

ಇಷ್ಟಕ್ಕೇ ಬಹಳ ಮಂದಿ ಕೈಬಿಡುತ್ತಾರೆ. ನಿಜವಾದ ತೊಂದರೆ ಇರುವುದು ತುದಿಯ ಮುಚ್ಚಳದ ಹಿಂದೆ. ಅದನ್ನು ಎಳೆದು ತೆಗೆಯಿರಿ, ಕೆಲವನ್ನು ತಿರುಗಿಸಿ ತೆಗೆಯಬೇಕು. ಒಳಗಿನ ಕಡ್ಡಿಗೆ ಕೂದಲು ಸುತ್ತಿ ಸುತ್ತಿ, ಧೂಳು ಸೇರಿ ಗಟ್ಟಿಯಾದ ಕಪ್ಪು ಬಳೆಯೊಂದು ಕೂತಿರುತ್ತದೆ. ಹೊರಗಿನಿಂದ ನೋಡಿದರೆ ರೋಲರ್ ಲಕಲಕ ಎನ್ನುತ್ತಿದ್ದರೂ ಈ ಬಳೆ ಬ್ರೇಕ್ ಹಾಕಿ ಕೂತಿರಬಹುದು. ಬ್ಲೇಡಿನ ತುದಿಯಿಂದ ಒಂದು ಕಡೆ ಕೊಯ್ದು ಚಿಮಟದಿಂದ ಎಳೆಎಳೆಯಾಗಿ ತೆಗೆಯಿರಿ. ಇದೊಂದಕ್ಕೆ ಸಮಯ ಕೊಡಿ. ಹಾಗೇ ಬಿಟ್ಟರೆ ಉಜ್ಜುವ ಬಿಸಿಗೆ ತುದಿಯ ಪ್ಲಾಸ್ಟಿಕ್ ಕರಗಿ ಸೊಟ್ಟಗಾಗುತ್ತದೆ, ಆಮೇಲೆ ಹೊಸ ರೋಲರೇ ಗತಿ. ರೋಬೋ ಕ್ಲೀನರ್‌ಗಳ ರೋಲರಿಗೂ ಮುಂದಿನ ಪುಟ್ಟ ಚಕ್ರಕ್ಕೂ ಇದೇ ಕಾಯಿಲೆ.

ಈಗ ಕಡ್ಡಿ ಹಿಡಿದು ಬೆರಳಿನಿಂದ ತಿರುಗಿಸಿ. ನುಣ್ಣಗೆ ಸುತ್ತಿದರೆ ಬೇರಿಂಗ್ ಚೆನ್ನಾಗಿದೆ. ಮರಳು ಅರೆದಂತೆ ಕರಕರ ಎಂದರೆ ಒಳಗೆ ಧೂಳು ಸೇರಿದೆ. ನುಣುಪಾದ ರಂಗೋಲಿ ಪುಡಿಯನ್ನು ಕ್ಲೀನರ್‌ನಿಂದ ಎಳೆಸುವ ಅಭ್ಯಾಸವಿದ್ದರೆ ಹೀಗಾಗುವುದು ಬೇಗ. ಅದನ್ನು ಪೊರಕೆಗೇ ಬಿಡುವುದು ಮೇಲು. ಕೊಬ್ಬರಿ ಎಣ್ಣೆ ಬಿಟ್ಟು ನೋಡೋಣ ಎನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ದಯವಿಟ್ಟು ಬೇಡ. ಅದು ಚಳಿಗೆ ಗಟ್ಟಿಯಾಗುತ್ತದೆ, ಧೂಳನ್ನು ಹಿಡಿದುಕೊಳ್ಳುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಕೂಡ ಒಳಗಿನ ಗ್ರೀಸನ್ನು ತೊಳೆದುಬಿಡುತ್ತದೆ. ಹಾಳಾದ ಬೇರಿಂಗ್ ಬದಲಿಸುವುದೇ ದಾರಿ. ಅದರ ಮೈಮೇಲೆ ನಂಬರ್ ಕೊರೆದಿರುತ್ತದೆ. ಉದಾಹರಣೆಗೆ 608 ಎಂದಿದ್ದರೆ ಒಳರಂಧ್ರ 8 ಮಿ.ಮೀ., ಹೊರ ಅಗಲ 22 ಮಿ.ಮೀ., ದಪ್ಪ 7 ಮಿ.ಮೀ. ಹಳೆಯದನ್ನೇ ಬೇರಿಂಗ್ ಅಂಗಡಿಗೆ ಒಯ್ದು ತೋರಿಸಿದರೆ ಸಾಕು.

ಬ್ರಷ್ಷಿನ ಎಳೆಗಳನ್ನೂ ಒಮ್ಮೆ ನೋಡಿ. ರೋಲರ್ ಕೂರಿಸಿದಾಗ ಅವು ತಳದ ಪ್ಲೇಟಿನಿಂದ ಸ್ವಲ್ಪವಾದರೂ ಹೊರಚಾಚಿರಬೇಕು. ಅಷ್ಟೂ ಇಲ್ಲದಷ್ಟು ಸವೆದಿದ್ದರೆ ತಿರುಗಿದರೂ ಕಾರ್ಪೆಟ್ ಮುಟ್ಟುವುದಿಲ್ಲ.

ಬೆಲ್ಟ್, ವೈರ್, ಕೊನೆಗೆ ಮೋಟಾರ್

ಬೆಲ್ಟಿನಲ್ಲಿ ಎರಡು ಬಗೆ. ಚಪ್ಪಟೆ ರಬ್ಬರಿನದು ಹಿಗ್ಗಿ, ಒಳಮೈ ಕನ್ನಡಿಯಂತೆ ಹೊಳೆಯುತ್ತಿದ್ದರೆ ಆಯುಸ್ಸು ಮುಗಿದಿದೆ. ಹಲ್ಲಿನ ಬೆಲ್ಟಿನಲ್ಲಿ ಒಂದೆರಡು ಹಲ್ಲು ಉದುರಿದ್ದರೂ ಬದಲಿಸಿ. ಸೈಕಲ್ ಟ್ಯೂಬ್ ಕತ್ತರಿಸಿ ಹಾಕುವ ಜಾಣತನ ಇಲ್ಲಿ ನಡೆಯದು, ಅಳತೆ ಕೊಂಚ ತಪ್ಪಿದರೂ ಮೋಟಾರಿಗೆ ಭಾರ. ಹೊಸದನ್ನು ಮೊದಲು ಮೋಟಾರಿನ ಕಡ್ಡಿಗೆ, ಆಮೇಲೆ ರೋಲರಿನ ತೋಡಿಗೆ ಸಿಕ್ಕಿಸಿ, ರೋಲರನ್ನು ಎಳೆದು ಜಾಗಕ್ಕೆ ಕೂರಿಸಿ. ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿದಾಗ ಬೆಲ್ಟ್ ಪಕ್ಕಕ್ಕೆ ಸರಿಯಬಾರದು.

ಕರೆಂಟೇ ಬರುತ್ತಿಲ್ಲ ಎನಿಸಿದರೆ ಕೋಲು ಮತ್ತು ಹೆಡ್ ಸೇರುವಲ್ಲಿನ ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಯಿಂದ ಒರೆಸಿ. ಓಡುತ್ತಿರುವಾಗ ಹೆಡ್ಡಿನ ಕತ್ತನ್ನು ಅತ್ತಿತ್ತ ವಾಲಿಸಿದರೆ ಬ್ರಷ್ ಒಮ್ಮೆ ತಿರುಗಿ ಒಮ್ಮೆ ನಿಂತು ಮಾಡಿದರೆ ಆ ಮಡಿಕೆಯಲ್ಲೇ ವೈರ್ ತುಂಡಾಗಿದೆ. ವೈರ್‌ಲೆಸ್ ಕ್ಲೀನರ್‌ನಲ್ಲಿ ಆ ಪಿನ್ನುಗಳಿಗೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಇಟ್ಟು ನೋಡಬಹುದು. ಆರು ಲಿಥಿಯಂ ಸೆಲ್‌ಗಳ ಬ್ಯಾಟರಿಯ ಮೇಲೆ ಸಾಮಾನ್ಯವಾಗಿ 21.6 ವೋಲ್ಟ್ ಎಂದು ಬರೆದಿರುತ್ತದೆ. ಗೋಡೆಯ ಪ್ಲಗ್ಗಿನಿಂದ ಓಡುವ ಮೆಷಿನ್ನಿನ ಹೆಡ್ಡಿಗೆ 230 ವೋಲ್ಟ್ ಬರಬಹುದು. ಆ ವೈರಿಂಗ್‌ಗೆ ಮನೆಯವರು ಕೈಹಾಕಬಾರದು, ಗೊತ್ತಿರುವ ಎಲೆಕ್ಟ್ರಿಷಿಯನ್ ಮಾಡಲಿ. ಪಿನ್ನಿನವರೆಗೆ ಕರೆಂಟ್ ಬಂದು, ರೋಲರ್ ಹೊರತೆಗೆದರೂ ಮೋಟಾರ್ ಮಿಸುಕದಿದ್ದರೆ ಆಗ ಅಂಗಡಿಯವರ ಮಾತು ಒಪ್ಪಬಹುದು.

ಮೆತ್ತನೆ ಬಟ್ಟೆಯ ರೋಲರನ್ನು ಕೈಪಿಡಿಯಲ್ಲಿ ಹೇಳಿದ್ದರೆ ಮಾತ್ರ ತಣ್ಣೀರಿನಲ್ಲಿ ತೊಳೆದು ನೆಟ್ಟಗೆ ನಿಲ್ಲಿಸಿ ಒಂದು ದಿನ ಒಣಗಿಸಿ, ಮಳೆಗಾಲದಲ್ಲಿ ಎರಡು ದಿನ. ಮೋಟಾರ್ ಇರುವ ಹೆಡ್ಡಿಗೆ ನೀರು ಸೋಕಿಸಲೇಬೇಡಿ.

ಎಲ್ಲ ಜೋಡಿಸಿದ ಮೇಲೆ ಐದು ನಿಮಿಷ ಓಡಿಸಿ, ಪ್ಲಗ್ ಕಿತ್ತು, ರೋಲರಿನ ಎರಡೂ ತುದಿ ಮುಟ್ಟಿ ನೋಡಿ. ಒಂದು ತುದಿ ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ ಅಲ್ಲಿ ಕೂದಲು ಉಳಿದಿರಬೇಕು, ಇಲ್ಲವೇ ಬೇರಿಂಗ್ ಹಿಡಿಯುತ್ತಿರಬೇಕು. ಆ ಬದಿಯ ಮುಚ್ಚಳವನ್ನು ಮತ್ತೆ ಬಿಚ್ಚಿ.