ಕಂಪನಿ ಜತೆ ಸಂಶೋಧನೆ: ಪೇಟೆಂಟ್ ಯಾರದ್ದೆಂದು ಮೊದಲೇ ಬರೆದಿಡಿ

ವಿಶ್ವವಿದ್ಯಾಲಯ ಮತ್ತು ಕಂಪನಿಯ ನಡುವಿನ ಒಡಂಬಡಿಕೆ ಪತ್ರಕ್ಕೆ (ಎಂಒಯು) ಸಹಿ ಬಿದ್ದ ಮಾತ್ರಕ್ಕೆ ಪೇಟೆಂಟ್ ಯಾರದ್ದು ಎಂಬುದು ಇತ್ಯರ್ಥವಾಗುವುದಿಲ್ಲ. ದುಡ್ಡು ಹಾಕಿದ್ದು ನಾವು ಎನ್ನುತ್ತದೆ ಕಂಪನಿ. ಲ್ಯಾಬ್ ನಮ್ಮದು ಎನ್ನುತ್ತದೆ ವಿಶ್ವವಿದ್ಯಾಲಯ. 1970ರ ಪೇಟೆಂಟ್ ಕಾಯ್ದೆ ಮಾತ್ರ ಆವಿಷ್ಕಾರ ಮಾಡಿದ ವ್ಯಕ್ತಿಯಿಂದ ಲೆಕ್ಕ ಶುರು ಮಾಡುತ್ತದೆ. ಹಾಗಾಗಿ ಮೊದಲ ಕಂತಿನ ಹಣ ಬರುವ ಮುಂಚೆಯೇ ಕಾಗದಪತ್ರ ಮುಗಿಸಿ.

ಮೊದಲಿಗೆ, ಎರಡೂ ಕಡೆಯವರು ತಮ್ಮ ಬಳಿ ಈಗಾಗಲೇ ಇರುವುದನ್ನು ಪಟ್ಟಿ ಮಾಡಬೇಕು: ಹಳೆಯ ಪೇಟೆಂಟ್, ಡೇಟಾ, ಸ್ಯಾಂಪಲ್, ಆವೃತ್ತಿ ಸಂಖ್ಯೆ ಸಮೇತ ಕೋಡ್. ತಾರೀಕು ಹಾಕಿ ಒಪ್ಪಂದಕ್ಕೆ ಲಗತ್ತಿಸಿ. ಇಲ್ಲದಿದ್ದರೆ ಪ್ರೊಫೆಸರ್ ವರ್ಷಗಟ್ಟಲೆ ಬೆಳೆಸಿದ ಕೋಡ್ ಕೂಡ ‘ಯೋಜನೆಯ ಫಲ’ದ ಲೆಕ್ಕಕ್ಕೆ ಸೇರಿಹೋಗಬಹುದು.

ನಂತರ ಹಕ್ಕು ವರ್ಗಾವಣೆ ಪತ್ರ. ಹೆಚ್ಚಿನವರು ಎಡವುವುದು ಇಲ್ಲೇ. ಪ್ರೊಫೆಸರ್ ಸಹಿ ಇರುತ್ತದೆ, ರಿಸರ್ಚ್ ಸ್ಕಾಲರ್‌ಗಳದ್ದು ಇರುವುದಿಲ್ಲ. ಸ್ಕಾಲರ್‌ಶಿಪ್ ಪಡೆಯುವ ವಿದ್ಯಾರ್ಥಿ ನೌಕರನಲ್ಲ. ಪ್ರತಿಯೊಬ್ಬರಿಂದಲೂ ಬರೆಸಿಕೊಳ್ಳಿ, ನಡುವೆ ಸೇರಿದವರಿಂದಲೂ. ಪದಗಳ ಮೇಲೆ ಕಣ್ಣಿಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಅದರ ಸಂಶೋಧಕರೊಬ್ಬರು ‘ವರ್ಗಾಯಿಸಲು ಒಪ್ಪುತ್ತೇನೆ’ ಎಂದು ಬರೆದುಕೊಟ್ಟಿದ್ದರು. ಆಮೇಲೆ ಸೀಟಸ್ ಕಂಪನಿಯ ಲ್ಯಾಬಿಗೆ ಕಲಿಯಲು ಹೋದಾಗ ‘ಈ ಮೂಲಕ ವರ್ಗಾಯಿಸುತ್ತೇನೆ’ ಎಂಬ ಪತ್ರಕ್ಕೆ ಸಹಿ ಹಾಕಿದರು. ಮೊದಲನೆಯದು ಬರೀ ಭರವಸೆ, ಎರಡನೆಯದು ವರ್ಗಾವಣೆಯೇ. ರಕ್ತದಲ್ಲಿನ ಎಚ್‌ಐವಿ ಪ್ರಮಾಣ ಅಳೆಯುವ ವಿಧಾನದ ಮೇಲಿನ ಆ ವ್ಯಾಜ್ಯ, ಸೀಟಸ್‌ನ ಪಿಸಿಆರ್ (ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ತಂತ್ರ) ವ್ಯವಹಾರ ಕೊಂಡ ರೋಷ್ ಕಂಪನಿಯ ಪರವಾಗಿ 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ನಿಮ್ಮವರು ಕಂಪನಿಯ ಗೇಟಿನಲ್ಲಿ ಸಹಿ ಹಾಕುವ ಫಾರಂ ಕೂಡ ಓದಿ ನೋಡಿ.

‘ಇಬ್ಬರಿಗೂ ಅರ್ಧರ್ಧ’ ಎಂಬುದು ನ್ಯಾಯವಾಗಿ ಕಾಣುತ್ತದೆ, ಆದರೆ ವಿಶ್ವವಿದ್ಯಾಲಯಕ್ಕೆ ನಷ್ಟ. ಬೇರೆ ಒಪ್ಪಂದ ಇಲ್ಲದಿದ್ದರೆ, ಸೆಕ್ಷನ್ 50ರ ಪ್ರಕಾರ ಜಂಟಿ ಒಡೆಯರಲ್ಲಿ ಯಾರಾದರೂ ಇನ್ನೊಬ್ಬರಿಗೆ ಲೆಕ್ಕ ಕೊಡದೆ ಪೇಟೆಂಟ್ ಬಳಸಬಹುದು. ಆದರೆ ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಲೈಸೆನ್ಸ್ ಕೊಡುವಂತಿಲ್ಲ. ಕಂಪನಿಗೆ ಕಾರ್ಖಾನೆ ಇದೆ, ವಿಶ್ವವಿದ್ಯಾಲಯಕ್ಕಿಲ್ಲ. ಒಬ್ಬರೇ ಒಡೆಯರಾಗಿ, ಇನ್ನೊಬ್ಬರಿಗೆ ಲೈಸೆನ್ಸ್, ರಾಯಲ್ಟಿ, ಬೋಧನೆ–ಸಂಶೋಧನೆಗೆ ಬಳಸುವ ಹಕ್ಕು ಬರೆದುಕೊಳ್ಳುವುದು ಲೇಸು.

ಪ್ರಬಂಧ ಪ್ರಕಟಣೆಗೂ ಗಡುವು ಬೇಕು. ಕರಡು ನೋಡಲು ಕಂಪನಿಗೆ 30 ದಿನ ಸಾಕು. ಉತ್ತರ ಬರದಿದ್ದರೆ ಒಪ್ಪಿಗೆ ಎಂದೇ ಬರೆಯಿರಿ. ಪೇಟೆಂಟ್ ಅರ್ಜಿಗೆ ಮುಂಚೆ ಸಮ್ಮೇಳನದಲ್ಲಿ ಪೋಸ್ಟರ್ ಹಾಕಿದರೂ ಪೇಟೆಂಟ್‌ಗೆ ಬೇಕಾದ ಹೊಸತನ ಹೋದೀತು. ಅವಸರವಿದ್ದರೆ ಪ್ರೊವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ, 12 ತಿಂಗಳೊಳಗೆ ಪೂರ್ಣ ವಿವರ ಸಲ್ಲಿಸಿ.

ಪಾಲುದಾರ ಕಂಪನಿ ವಿದೇಶದ್ದಾದರೆ ಅಲ್ಲೇ ಮೊದಲು ಅರ್ಜಿ ಹಾಕೋಣ ಎನ್ನಬಹುದು. ಆವಿಷ್ಕಾರಕರು ಭಾರತದ ನಿವಾಸಿಗಳಾಗಿದ್ದರೆ, ಇಲ್ಲಿ ಅರ್ಜಿ ಹಾಕಿ ಆರು ವಾರ ಕಾಯಬೇಕು, ಇಲ್ಲವೇ ಪೇಟೆಂಟ್ ಕಚೇರಿಯಿಂದ ಲಿಖಿತ ಅನುಮತಿ ಪಡೆಯಬೇಕು. ತಪ್ಪಿದರೆ ಇಲ್ಲಿನ ಅರ್ಜಿಯನ್ನೇ ಕೈಬಿಟ್ಟಂತೆ ಎಂದು ಕಾಯ್ದೆ ಪರಿಗಣಿಸುತ್ತದೆ.