ಮರುಕಳಿಸುವ ಕಾಯಿಲೆ, ವಾಪಸ್ ಬಾರದ ರಜೆ ಅರ್ಜಿ

ಸರ್ಕಾರಿ ಕಚೇರಿಯೊಂದರ ಸಿಬ್ಬಂದಿ ಶಾಖೆಯಲ್ಲಿ ಹನ್ನೊಂದು ವರ್ಷ ರಜೆ ಅರ್ಜಿಗಳಿಗೆ ಆಬ್ಜೆಕ್ಷನ್ ಹಾಕುತ್ತಾ ಕೂತವಳು ನಾನು. ಆಮೇಲೆ ನನಗೇ ಸಂಧಿವಾತ ಬಂತು. ನನ್ನದೇ ಅರ್ಜಿ ಎರಡು ಸಲ ವಾಪಸ್ ಬಂತು! ಜ್ವರ ಬಂದವರು ಒಂದು ಸಲ ಕಾಗದ ಕೊಟ್ಟರೆ ಮುಗಿಯಿತು. ಸಂಧಿವಾತ, ಕಿಡ್ನಿ ತೊಂದರೆ, ಅಸ್ತಮಾ ಇರುವವರು ವರ್ಷಕ್ಕೆ ಮೂರು ನಾಲ್ಕು ಸಲ ಇದೇ ಕಾಗದ ಹಿಡಿದು ನಿಲ್ಲಬೇಕು. ರಾಜ್ಯ ಸರ್ಕಾರಿ ನೌಕರರಲ್ಲಿ ಅಂಥವರಿಗೆ ಈ ಬರಹ.

ಮೊದಲು, ಆರಾಮಾಗಿರುವಾಗಲೇ ಖಾತೆಯಲ್ಲಿ ಎಷ್ಟು ರಜೆ ಇದೆ ನೋಡಿಕೊಳ್ಳಿ. 'ಮೆಡಿಕಲ್ ಲೀವ್' ಅಂತ ನಮ್ಮಲ್ಲಿ ಬೇರೆ ಖಾತೆ ಇಲ್ಲ. ವರ್ಷಕ್ಕೆ 20 ದಿನ ಅರ್ಧ ವೇತನ ರಜೆ ಜಮಾ ಆಗುತ್ತದೆ, ಜನವರಿಯಲ್ಲಿ 10, ಜುಲೈನಲ್ಲಿ 10. ವೈದ್ಯರ ಸರ್ಟಿಫಿಕೇಟ್ ಕೊಟ್ಟು ಅದನ್ನೇ ಪೂರ್ತಿ ಸಂಬಳದ ಪರಿವರ್ತಿತ ರಜೆ ಮಾಡಿಕೊಳ್ಳುತ್ತೇವೆ. ಆಗ ಒಂದು ದಿನಕ್ಕೆ ಎರಡು ದಿನ ಕಳೆಯುತ್ತದೆ. 60 ಇದ್ದರೆ ಕೈಗೆ ಸಿಗುವುದು 30. ಮೊದಲು ಇದನ್ನೇ ಬಳಸಿ, ಗಳಿಕೆ ರಜೆ ಮುಟ್ಟಬೇಡಿ. ಗಳಿಕೆ ರಜೆಗೆ ಸರ್ಟಿಫಿಕೇಟ್ ಬೇಡ, ನಿವೃತ್ತಿಯಲ್ಲಿ 300 ದಿನದವರೆಗೆ ದುಡ್ಡೂ ಆಗುತ್ತದೆ. ಅದನ್ನು ಜ್ವರಕ್ಕೆ, ಮದುವೆಗೆ ಸುಮ್ನೆ ಕರಗಿಸಿದವರು ಕೊನೆಗೆ ಸಂಬಳವಿಲ್ಲದ ಅಸಾಧಾರಣ ರಜೆಗೆ ಬರುತ್ತಾರೆ.

ಇನ್ನು ಸರ್ಟಿಫಿಕೇಟ್. ಎಡವುವವರೆಲ್ಲ ಎಡವುವುದು ಇಲ್ಲೇ.

ನಮೂನೆಯ ಮೇಲ್ಭಾಗದಲ್ಲಿ ನಿಮ್ಮ ಸಹಿಗೆ ಜಾಗ ಇರುತ್ತದೆ. 'ಮೇಲೆ ಸಹಿ ಮಾಡಿರುವ ಇವರನ್ನು ಪರೀಕ್ಷಿಸಿದ್ದೇನೆ' ಅಂತ ಡಾಕ್ಟರು ಬರೆಯುವುದು ಅದರ ಕೆಳಗೆ. ಜಾಸ್ತಿ ಜನ ಆ ಜಾಗ ಖಾಲಿ ಬಿಟ್ಟು ತರುತ್ತಾರೆ. ನನ್ನದು ಬೇರೆ ಕಥೆ. ಬೆಳಿಗ್ಗೆ ಬೆರಳು ಮಡಚಲು ಆಗುತ್ತಿರಲಿಲ್ಲ, ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಗೀಚಿದ್ದೆ. ಅರ್ಜಿ ಬರೆದವಳು ಮಗಳು. 'ಅರ್ಜಿಯಲ್ಲಿನ ಸಹಿಯೂ ಸರ್ಟಿಫಿಕೇಟಿನ ಸಹಿಯೂ ತಾಳೆಯಾಗುವುದಿಲ್ಲ' ಎಂಬ ಟಿಪ್ಪಣಿಯೊಂದಿಗೆ ವಾಪಸ್ ಬಂತು. ಟಿಪ್ಪಣಿ ಬರೆದವನು ನಾನೇ ಕೆಲಸ ಕಲಿಸಿದ ಹುಡುಗ! ಕೈ ನಡೆಯದ ಕಾಯಿಲೆ ಇದ್ದರೆ ಎರಡೂ ಕಾಗದಕ್ಕೆ ಒಂದೇ ಹೊತ್ತಿನಲ್ಲಿ ಸಹಿ ಮಾಡಿ, ಡಾಕ್ಟರ ಎದುರೇ ಮಾಡಿ. ಜೆಲ್ ಪೆನ್ ಬೇಡ, ಬೆವರು ತಾಗಿದರೆ ಹರಡುತ್ತದೆ. ಝೆರಾಕ್ಸ್ ಅಂಗಡಿಯಲ್ಲಿ ಐದು ರೂಪಾಯಿಗೆ ಸಿಗುವ ನಮೂನೆಯೂ ಬೇಡ. ಪ್ರತಿಯ ಪ್ರತಿ ತೆಗೆದು ಅರ್ಧ ಸಾಲು ಅಳಿಸಿಹೋಗಿರುತ್ತದೆ. ಕಚೇರಿಯಿಂದ ಒಂದು ಒಳ್ಳೆಯ ಪ್ರತಿ ತಂದು ಮನೆಯಲ್ಲಿಟ್ಟುಕೊಳ್ಳಿ.

ಆಮೇಲೆ ತಾರೀಖು. 10ರಿಂದ 24ರವರೆಗೆ ಎಂದರೆ 15 ದಿನ, 14 ಅಲ್ಲ. ಎರಡು ತುದಿಯನ್ನೂ ಎಣಿಸಬೇಕು. 'ಎರಡು ವಾರ ವಿಶ್ರಾಂತಿ' ಅಂತ ಡಾಕ್ಟರು ಬರೆದರೆ, ಯಾವತ್ತಿನಿಂದ ಯಾವತ್ತಿನವರೆಗೆ ಅಂತ ಅಲ್ಲೇ ಬರೆಸಿಕೊಳ್ಳಿ. 10ನೇ ತಾರೀಖು ಮಲಗಿ 13ಕ್ಕೆ ಡಾಕ್ಟರ ಹತ್ತಿರ ಹೋದರೆ ನಡುವಿನ ಮೂರು ದಿನಕ್ಕೆ ಉತ್ತರ ಕೊಡುವವರು ಯಾರು? ಹಿಂದಿನ ತಾರೀಖು ಹಾಕಿ ಇನ್ನೂರು ರೂಪಾಯಿಗೆ ಸರ್ಟಿಫಿಕೇಟ್ ಕೊಡುವವರಿದ್ದಾರೆ, ಗೊತ್ತು. ನಿಮಗೆ ನಿಜವಾಗಿಯೂ ಕಾಯಿಲೆ ಇದೆಯಲ್ವಾ? ಹಾಗಿದ್ದ ಮೇಲೆ ಸುಳ್ಳು ಕಾಗದ ಯಾಕೆ? ಅದೊಂದು ಸಿಕ್ಕಿಬಿದ್ದರೆ ಮುಂದಿನ ನಿಜವಾದ ಹತ್ತನ್ನೂ ಅನುಮಾನದಿಂದಲೇ ನೋಡುತ್ತಾರೆ. ಕೊನೆಗೆ ಸೀಲಿನಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಓದಲು ಬರುತ್ತದಾ ನೋಡಿ. ಇಂಕು ಒಣಗಿದ ಸೀಲು ಎಷ್ಟೋ ಅರ್ಜಿಗಳನ್ನು ಕೆಡಿಸಿದೆ.

ಅರ್ಜಿ ಸುಲಭ. ಹಿಂದೆ ಮುಂದೆ ಭಾನುವಾರ ಇದ್ದರೆ 'ಸಾರ್ವತ್ರಿಕ ರಜೆ ಬಳಸಿಕೊಳ್ಳಲು ಅನುಮತಿ' ಅಂತ ಒಂದು ಸಾಲು ಸೇರಿಸಿ. ನಡುವೆ ಬರುವ ಭಾನುವಾರ ರಜೆಯಲ್ಲೇ ಸೇರುತ್ತದೆ, ಅದಕ್ಕೆ ಜಗಳ ಬೇಡ. ಸಾಂದರ್ಭಿಕ ರಜೆಯನ್ನು ಇದಕ್ಕೆ ಅಂಟಿಸಲು ಬರುವುದಿಲ್ಲ. ಕಚೇರಿಯ ಟಪಾಲು ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಸಾಹೇಬರಿಗೆ ವಾಟ್ಸಾಪ್ ಮಾಡಿದೆ ಅನ್ನುವುದು ಅರ್ಜಿ ಅಲ್ಲ. ಅವರು ವರ್ಗವಾಗಿ ಹೋದರೆ ಆ ಮೆಸೇಜೂ ಅವರ ಜೊತೆಗೇ ಹೋಯಿತು.

ರಜೆ ಸಾಲದಿದ್ದರೆ ವಿಸ್ತರಣೆಯ ಅರ್ಜಿ ಮುಗಿಯುವ ಮೊದಲೇ ಹೋಗಲಿ. 24ಕ್ಕೆ ಮುಗಿದರೆ ಹೊಸ ಸರ್ಟಿಫಿಕೇಟ್ 25ರಿಂದಲೇ ಶುರುವಾಗಬೇಕು. ನಡುವೆ ಒಂದು ದಿನ ತಪ್ಪಿದರೂ ಅದು ಗೈರುಹಾಜರಿ.

ವಾಪಸ್ ಬರುವ ದಿನದ ಫಿಟ್‌ನೆಸ್ ಸರ್ಟಿಫಿಕೇಟ್ ನಮ್ಮಂಥವರಿಗೆ ಎರಡನೇ ಹೊಂಡ. ನಮೂನೆಯಲ್ಲಿ 'ಕಾಯಿಲೆಯಿಂದ ಚೇತರಿಸಿಕೊಂಡಿದ್ದಾರೆ, ಕರ್ತವ್ಯಕ್ಕೆ ಅರ್ಹರು' ಅಂತ ಇರುತ್ತದೆ. ಸಂಧಿವಾತ ಎಲ್ಲಿ ವಾಸಿಯಾಗುತ್ತದೆ? ನನ್ನ ಡಾಕ್ಟರು ಪ್ರಾಮಾಣಿಕರು, 'ಲಘು ಕೆಲಸ ಮಾತ್ರ ಮಾಡಬಹುದು' ಅಂತ ಕೆಳಗೆ ಸೇರಿಸಿಬಿಟ್ಟರು. ಕಚೇರಿಯಲ್ಲಿ ಹಾಜರು ಮಾಡಿಕೊಳ್ಳಲಿಲ್ಲ. ಅರ್ಹರೋ ಅಲ್ಲವೋ, ಎರಡರಲ್ಲಿ ಒಂದು ಹೇಳಿ ಅಂದರು. ಮತ್ತೆ ಬಸ್ ಹತ್ತಿ ಆಸ್ಪತ್ರೆಗೆ ಹೋದೆ. ಈಗ ನಾನು ಮೊದಲೇ ಡಾಕ್ಟರಿಗೆ ಹೇಳುತ್ತೇನೆ: ಈ ಸಲದ ಉಲ್ಬಣ ಇಳಿದಿದೆ, ಕೆಲಸಕ್ಕೆ ಅರ್ಹರು ಅಂತಷ್ಟೇ ಬರೆಯಿರಿ. ಮೂರನೇ ಮಹಡಿ ಬೇಡ, ಕಡತದ ಕಟ್ಟು ಹೊರಲು ಆಗುವುದಿಲ್ಲ ಅನ್ನುವುದಕ್ಕೆ ಡಾಕ್ಟರ ಬೇರೆ ಪತ್ರ ಇಟ್ಟು, ಬೇರೆಯೇ ಮನವಿ ಕೊಡಿ. ಎರಡನ್ನೂ ಒಂದೇ ಕಾಗದದಲ್ಲಿ ಬೆರೆಸಬೇಡಿ.

ಒಂದೆರಡು ತಿಂಗಳು ಬಿಟ್ಟು ಕೇಸ್ ವರ್ಕರ್ ಹತ್ತಿರ ಹೋಗಿ ಎಸ್‌ಆರ್ (ನಿಮ್ಮ ಸೇವಾ ಪುಸ್ತಕ) ತೆಗೆಸಿ ನೋಡಿ. 15 ದಿನದ ಪರಿವರ್ತಿತ ರಜೆಗೆ ಅರ್ಧ ವೇತನ ಖಾತೆಯಲ್ಲಿ 30 ಕಳೆದಿರಬೇಕು. ಒಬ್ಬರಿಗೆ ಆ 30ನ್ನೇ ಮತ್ತೆ ಇಮ್ಮಡಿ ಮಾಡಿ 60 ಕಳೆದಿದ್ದರು. ಅವರು ಅದನ್ನು ಕಂಡಿದ್ದು ಎಂಟು ವರ್ಷದ ಮೇಲೆ.