ಹಳೇ ರೆಕಾರ್ಡ್ ತಂದಿರಾ? ಹಾಕುವ ಮೊದಲು ತೊಳೆಯಿರಿ

ಮುಂಬೈನ ಕಾಲಾ ಘೋಡಾದಲ್ಲಿದ್ದ ಸಂಗೀತದಂಗಡಿ ರಿದಮ್ ಹೌಸ್ 2016ರಲ್ಲಿ ಬಾಗಿಲು ಮುಚ್ಚಿದಾಗ ರೆಕಾರ್ಡ್‌ಗಳ ಕಾಲವೇ ಮುಗಿಯಿತು ಅಂದುಕೊಂಡಿದ್ದೆ. ಈಗ ಚೋರ್ ಬಜಾರಿನ ಮಟನ್ ಸ್ಟ್ರೀಟ್‌ಗೆ ಹೋದರೆ ನನ್ನ ಪಕ್ಕ ನಿಂತು ಎಲ್‌ಪಿ (ಹಾಡಿನ ದೊಡ್ಡ ತಟ್ಟೆ) ಹುಡುಕುವವರು ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು. ನೋಡೋಕೆ ಎಷ್ಟು ಖುಷಿ ಆಗುತ್ತೆ!

ನನ್ನ ಅಣ್ಣನ ಮಗಳೂ ಅವರಲ್ಲಿ ಒಬ್ಬಳು. ಹೋದ ಜುಲೈನಲ್ಲಿ ಹಳೇ ಹಿಂದಿ ಸಿನಿಮಾದ ಎಲ್‌ಪಿ ಹಿಡಿದು ಡೊಂಬಿವಲಿಯ ನಮ್ಮ ಮನೆಗೆ ಬಂದಳು. "ಚಿಕ್ಕಪ್ಪಾ, ಬರೀ ಚರಚರ ಅಂತಿದೆ. ದುಡ್ಡು ದಂಡ ಆಯ್ತಾ?" ತಟ್ಟೆ ತೆಗೆದು ನೋಡಿದೆ. ಗೀರು ಇರಲಿಲ್ಲ. ಮಳೆಗಾಲದ ಹಪ್ಪಳದ ಮೇಲೆ ಕೂರುತ್ತಲ್ಲ, ಅಂಥದ್ದೇ ಬಿಳಿ ಬೂಷ್ಟು.

ಮುಂಬೈ ಮಳೆಗೆ ಕವರಿನ ರಟ್ಟು ತೇವ ಎಳೆದುಕೊಳ್ಳುತ್ತದೆ. ಅಲ್ಲಿಂದ ಬೂಷ್ಟು ತಟ್ಟೆಗೆ ಹತ್ತುತ್ತದೆ. ಹಾಗೇ ಹಾಕಿದರೆ ಪ್ಲೇಯರಿನ ಮುಳ್ಳು ಆ ಕೊಳೆಯನ್ನು ತಟ್ಟೆಯ ಗೆರೆಯೊಳಗೆ ಉಜ್ಜುತ್ತಾ ಹೋಗುತ್ತದೆ. ಹಾಗೆ ಸವೆದ ಗೆರೆ ಆಮೇಲೆ ಎಷ್ಟು ತೊಳೆದರೂ ಸರಿಹೋಗುವುದಿಲ್ಲ.

ಕೊಳ್ಳುವಾಗ ಅಂಚು ಮತ್ತು ನಡುವಿನ ಲೇಬಲ್ ಮಾತ್ರ ಮುಟ್ಟಿ. ಮೊಬೈಲ್ ಟಾರ್ಚ್ ಓರೆಯಾಗಿ ಬಿಡಿ. ಉಗುರಿಗೆ ತಾಗುವ ಗೀರಿದ್ದರೆ ಬಿಟ್ಟುಬಿಡಿ. ಕಣ್ಣಿನ ಮಟ್ಟಕ್ಕೆ ಹಿಡಿದಾಗ ದೋಸೆಯ ಹಾಗೆ ಎದ್ದಿದ್ದರೂ ಬೇಡ. ಬೂಷ್ಟು ಇದ್ದರೆ ಪರವಾಗಿಲ್ಲ, ಚೌಕಾಸಿ ಮಾಡಿ.

ಇನ್ನು ತೊಳೆಯುವುದು. ನಲ್ಲಿ ನೀರು ಒಣಗಿದ ಮೇಲೆ ಕಲೆ ಬಿಡುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. 4 ಪಾಲು ನೀರಿಗೆ 1 ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಒಂದು ಹನಿ. ಲೇಬಲ್ ಸುಮಾರು 4 ಇಂಚು ಇರುತ್ತದೆ. ಅಷ್ಟಗಲದ ಡಬ್ಬಿ ಮುಚ್ಚಳ ಅದರ ಮೇಲಿಟ್ಟು ಒತ್ತಿ ಹಿಡಿಯಿರಿ, ಕಾಗದ ನೆನೆಯಬಾರದು. ಮೈಕ್ರೋಫೈಬರ್ ಬಟ್ಟೆ ಅದ್ದಿ, ಗೆರೆ ಹೋದ ದಿಕ್ಕಿಗೇ ಸುತ್ತ ಒರೆಸಿ. ಅಡ್ಡಡ್ಡ ಉಜ್ಜಲೇಬೇಡಿ. ಅವಸರವೂ ಬೇಡ, ಒಂದು ಬದಿಗೆ ನಾನು ಐದು ನಿಮಿಷ ಕೊಡುತ್ತೇನೆ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಂದು ಸುತ್ತು. ಪಾತ್ರೆ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ ಫ್ಯಾನ್ ಗಾಳಿಗೆ ಒಣಗಿಸಿ. ಬಿಸಿಲಿಗೆ ಇಟ್ಟರೆ ಸೊಟ್ಟಗಾಗುತ್ತದೆ.

ನಿಮಿಷಕ್ಕೆ 78 ಸುತ್ತು ತಿರುಗುವ ಇನ್ನೂ ಹಳೇ ತಟ್ಟೆಗಳಿಗೆ ಮಾತ್ರ ಆಲ್ಕೋಹಾಲ್ ಸೋಕಿಸಬೇಡಿ. ಅವು ಹೆಚ್ಚಾಗಿ ಅರಗಿನವು, ಕರಗಿಹೋಗುತ್ತವೆ. ಗೆರೆಯೂ ಅಗಲ, ಎಲ್‌ಪಿ ಮುಳ್ಳು ಅವಕ್ಕೆ ಆಗುವುದಿಲ್ಲ.

ತೊಳೆದ ತಟ್ಟೆಯನ್ನು ಅದೇ ಹಳೇ ಒಳಗಿನ ಕಾಗದಕ್ಕೆ ತುರುಕಿದರೆ ಪಟ್ಟ ಶ್ರಮವೆಲ್ಲ ನೀರುಪಾಲು. ಹೊಸ ಒಳಕವರ್ ಹಾಕಿ. ಪುಸ್ತಕದ ಹಾಗೆ ನೆಟ್ಟಗೆ ಇಡಿ, ಮಳೆ ಬಡಿಯುವ ಗೋಡೆಯಿಂದ ದೂರ. ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯದೆ ಆ ಕಪಾಟಿಗೆ ಹಾಕಿ.

ಅವಳ ಎಲ್‌ಪಿ ಎರಡು ಸಲ ತೊಳೆದೆವು. ಚರಚರದ ಹಿಂದೆ ಅಷ್ಟು ದಿನ ಒಂದು ಕೊಳಲು ಇತ್ತು ಅಂತ ಆಗಲೇ ಗೊತ್ತಾಗಿದ್ದು. ಮಾತಿಲ್ಲದೆ ಇಬ್ಬರೂ ಪೂರ್ತಿ ಬದಿ ಕೇಳಿದೆವು. ಎರಡನೇ ಹಾಡಿನ ನಡುವೆ ಇನ್ನೂ ಒಂದು ಟಿಕ್ ಉಳಿದಿದೆ. ಭಾನುವಾರ ಮತ್ತೆ ಬಾ ಅಂದಿದ್ದೇನೆ.